ಫೇಲಾದ ಅಂಕಪಟ್ಟಿಯನ್ನೂ ಓದಬೇಕು

ನಮ್ಮ ಮಂಠಾಳದಂಥ ಊರಿನಲ್ಲಿ ರಿಸಲ್ಟ್ ಎಂದರೆ ಎರಡೇ ಪದ. ಪಾಸ್, ಇಲ್ಲವೇ ಫೇಲ್. ಚಹಾದಂಗಡಿಯಿಂದ ಹಿಡಿದು ಮದುವೆ ಮನೆಯ ಊಟದ ಪಂಕ್ತಿಯವರೆಗೆ ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ. ಸಿ.ಎ. ಓದುತ್ತಿರುವ ನಮ್ಮ ದೊಡ್ಡಪ್ಪನ ಮಗಳ ವಿಷಯದಲ್ಲೂ ಹಾಗೇ ಆಯಿತು. "ಈ ಸಲಾನೂ ಫೇಲ್ ಆದ್ಳಂತಲ್ಲ" ಎಂಬ ಮಾತು ಎರಡು ಸಲ ಓಣಿ ಸುತ್ತಿ ಬಂತು. ಆದರೆ ಅಕ್ಕ ಎರಡು ಸಲ ಫೇಲಾಗಿದ್ದು ಒಂದೇ ರೀತಿಯಲ್ಲಿ ಅಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ.

ಸಿ.ಎ. ಫೈನಲ್ ಎಷ್ಟು ಕಠಿಣ ಎಂಬುದಕ್ಕೆ ಒಂದು ಲೆಕ್ಕ ನೋಡಿ. 2024ರ ನವೆಂಬರ್ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರು 30,763 ಮಂದಿ. ಪಾಸಾದವರು 4,134. ಅಂದರೆ ಶೇ 13.44. ಉಳಿದವರೆಲ್ಲ ದಡ್ಡರೇ? ಖಂಡಿತ ಅಲ್ಲ.

ಈಗಿನ ಪದ್ಧತಿಯಲ್ಲಿ ಒಂದು ಗ್ರೂಪಿಗೆ ಮೂರು ಪೇಪರ್, ತಲಾ 100 ಅಂಕ. ಪಾಸಾಗಲು ಎರಡು ಗೆರೆ ದಾಟಬೇಕು. ಪ್ರತಿ ಪೇಪರಿನಲ್ಲಿ ಕನಿಷ್ಠ 40 ಬರಬೇಕು, ಗ್ರೂಪಿನ ಒಟ್ಟು ಅಂಕ 150 ಆಗಬೇಕು. ಅಕ್ಕನಿಗೆ ಮೊದಲ ಸಲ ಬಂದದ್ದು 62, 55, 36. ಒಟ್ಟು 153. ಎರಡನೇ ಗೆರೆ ದಾಟಿದ್ದಳು, ಆಡಿಟಿಂಗ್ ಪೇಪರಿನಲ್ಲಿ ನಾಲ್ಕು ಅಂಕಕ್ಕೆ ಮೊದಲ ಗೆರೆಯಲ್ಲೇ ನಿಂತಳು. ಒಂದು ಪೇಪರಿನಲ್ಲಿ 60 ಅಥವಾ ಹೆಚ್ಚು ಬಂದರೆ ಮುಂದಿನ ಮೂರು ಪರೀಕ್ಷೆಗಳವರೆಗೆ ಅದನ್ನು ಮತ್ತೆ ಬರೆಯಬೇಕಿಲ್ಲ, ಆ ಅಂಕ ಹಾಗೇ ಉಳಿಯುತ್ತದೆ. ಹೀಗಾಗಿ ಎರಡನೇ ಸಲ ಎರಡೇ ಪೇಪರ್ ಬರೆದಳು. ಹಗಲು ರಾತ್ರಿ ಆಡಿಟಿಂಗ್ ಓದಿದಳು. ಬಂದದ್ದು 43. ಆದರೆ 55 ಬಂದಿದ್ದ ಪೇಪರ್ 44ಕ್ಕೆ ಇಳಿಯಿತು. 62, 44, 43 ಕೂಡಿಸಿ ನೋಡಿ, 149. ಈ ಸಲ ಮೂರೂ ಪೇಪರ್ ಪಾಸ್, ಗ್ರೂಪ್ ಫೇಲ್!

ಊರಿಗೆ ಇವೆರಡೂ ಒಂದೇ ಫೇಲ್. ನಾನು ಬಿ.ಇ. ವಿದ್ಯಾರ್ಥಿ. ನಮ್ಮ ಲ್ಯಾಬಿನಲ್ಲಿ ಸರಳುಗಳನ್ನು ಯಂತ್ರಕ್ಕೆ ಕಚ್ಚಿಸಿ ಮುರಿಯುವವರೆಗೆ ಎಳೆಯುತ್ತೇವೆ. ಮೆದು ಉಕ್ಕು ಮೊದಲು ಉದ್ದವಾಗಿ, ನಡುವೆ ಸಣ್ಣಗಾಗಿ, ಆಮೇಲೆ ತುಂಡಾಗುತ್ತದೆ. ಒಂದು ತುಂಡಿನ ತುದಿ ಬಟ್ಟಲಿನಂತೆ, ಇನ್ನೊಂದರದ್ದು ಶಂಕುವಿನಂತೆ ಕಾಣುತ್ತದೆ. ಎರಕದ ಕಬ್ಬಿಣವಾದರೆ ಮುನ್ಸೂಚನೆಯೇ ಇಲ್ಲದೆ ಪಟ್ಟನೆ, ಚಪ್ಪಟೆಯಾಗಿ ಮುರಿಯುತ್ತದೆ. ಮುರಿದ ತುಂಡನ್ನು ನಾವು ಎಸೆಯುವುದಿಲ್ಲ. ಎಷ್ಟು ಭಾರಕ್ಕೆ, ಯಾವ ಜಾಗದಲ್ಲಿ, ಹೇಗೆ ಮುರಿಯಿತು ಎಂದು ಬರೆದುಕೊಳ್ಳುತ್ತೇವೆ. ಪ್ರಯೋಗದ ಅರ್ಧ ಕೆಲಸ ಅಲ್ಲೇ ಇರುವುದು.

ಅಕ್ಕ ಮೊದಲ ಸಲ ಫೇಲಾದಾಗ "ಆಡಿಟಿಂಗ್ ಹೋಯ್ತು" ಎಂದಷ್ಟೇ ತಿಳಿದು ಮತ್ತೆ ಓದಲು ಕೂತಿದ್ದಳು. ಎರಡನೇ ಸಲ ತನ್ನ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡಳು. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಬರೆದವರು ಮಾಹಿತಿ ಹಕ್ಕಿನಡಿ ನೋಡಬಹುದು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಿ.ಎ. ಸಂಸ್ಥೆ ಪ್ರಕಟಿಸುವ ಮಾದರಿ ಉತ್ತರಗಳನ್ನು ಪಕ್ಕಕ್ಕಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದಳು. ಗೊತ್ತಾಗಿದ್ದೇನೆಂದರೆ, ನಿಯಮ ಅವಳಿಗೆ ಬಾಯಿಪಾಠವಿತ್ತು. ಪ್ರಶ್ನೆಯಲ್ಲಿ ಕೊಟ್ಟ ಕಂಪನಿಗೆ ಆ ನಿಯಮ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಬರೆಯದೆ ಮುಂದಕ್ಕೆ ಹೋಗಿದ್ದಳು. ಇನ್ನೊಂದು ಪೇಪರಿನಲ್ಲಿ ಕೊನೆಯ ಲೆಕ್ಕ ಅರ್ಧಕ್ಕೇ ನಿಂತಿತ್ತು. ಒಂದು ಕಡೆ ಬರೆಯುವ ರೀತಿ, ಇನ್ನೊಂದು ಕಡೆ ಸಮಯ. ಇನ್ನಷ್ಟು ತಾಸು ಓದಿದ್ದರೆ ಎರಡೂ ಸರಿಹೋಗುತ್ತಿರಲಿಲ್ಲ. ಮೂರನೇ ಸಲಕ್ಕೆ ಅವಳು ಓದಿದ್ದು ಕಡಿಮೆ, ಗಡಿಯಾರ ಇಟ್ಟುಕೊಂಡು ಬರೆದದ್ದು ಹೆಚ್ಚು. ಆ ಗ್ರೂಪ್ ಮುಗಿಯಿತು. ಇನ್ನೊಂದು ಬಾಕಿ ಇದೆ.

ನಮ್ಮ ದೇಶದಲ್ಲಿ ಎಂಜಿನಿಯರ್ ಎನಿಸಿಕೊಳ್ಳಲು ಪದವಿಯೇ ಸಾಕು. ಅಮೆರಿಕದಲ್ಲಿ ಲೈಸೆನ್ಸ್ ಬೇಕಾದವರು ಸಾಮಾನ್ಯವಾಗಿ 'ಎಫ್.ಇ.' ಎಂಬ 110 ಪ್ರಶ್ನೆಗಳ ಪರೀಕ್ಷೆಯಿಂದ ಶುರು ಮಾಡುತ್ತಾರೆ. ಅಲ್ಲಿ ಪಾಸಾದವರಿಗೆ ಅಂಕ ಹೇಳುವುದಿಲ್ಲ. ಫೇಲಾದವರಿಗೆ ಮಾತ್ರ ಯಾವ ವಿಷಯದಲ್ಲಿ ಎಷ್ಟು ಹಿಂದೆ ಬಿದ್ದಿರಿ ಎಂಬ ವರದಿ ಕೊಡುತ್ತಾರೆ. ವರದಿ ಬೇಕಾಗಿರುವುದು ಅವರಿಗೇ ಅಲ್ಲವೇ?

ಇನ್ನೊಂದು ಮಾತು. ಫೇಲಾಗಿದ್ದು ಪರೀಕ್ಷೆಯಲ್ಲಿ, ಕೆಲಸದಲ್ಲಿ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಕಾನೂನು ಶಾಲೆಯ ಡೀನ್ ಆಗಿದ್ದ ಕ್ಯಾಥ್ಲೀನ್ ಸಲಿವನ್ 2005ರಲ್ಲಿ ಕ್ಯಾಲಿಫೋರ್ನಿಯಾದ ವಕೀಲಿ ಪರೀಕ್ಷೆಯಲ್ಲಿ ಫೇಲಾದರು. ಅಷ್ಟು ಹೊತ್ತಿಗೆ ಅವರು ಅಲ್ಲಿನ ಸುಪ್ರೀಂ ಕೋರ್ಟಿನಲ್ಲೇ ವಾದ ಮಾಡಿದ್ದವರು! ಮರುವರ್ಷ ಮತ್ತೆ ಬರೆದು ಪಾಸಾದರು. ಅಕ್ಕನೂ ಅಷ್ಟೇ, ಆರ್ಟಿಕಲ್‌ಶಿಪ್‌ನಲ್ಲಿ ಕಲಿತ ಜಿ.ಎಸ್.ಟಿ., ಆಡಿಟ್ ಕೆಲಸ ಒಂದು ಅಂಕದಿಂದ ಅಳಿಸಿಹೋಗಲಿಲ್ಲ.

ಹಾಗೆಂದು ಎಷ್ಟು ಸಲವಾದರೂ ಬರೆಯುತ್ತಲೇ ಇರಿ ಎಂದು ನಾನು ಹೇಳುವುದಿಲ್ಲ. "ಇನ್ನ ಎಷ್ಟ್ ಸಲ ಬರೀತಿಯವ್ವಾ?" ಎಂದು ದೊಡ್ಡಪ್ಪ ಕೇಳಿದ್ದು ಸಿಟ್ಟಿನಿಂದಲ್ಲ. ಹೊಲ ನಂಬಿದ ಮನೆಗೆ ಫೀಸು, ಪಟ್ಟಣದ ರೂಮಿನ ಬಾಡಿಗೆ ಎಲ್ಲವೂ ಲೆಕ್ಕವೇ. ಆ ಪ್ರಶ್ನೆಗೆ ಛಲದ ಮಾತು ಉತ್ತರವಾಗದು. ಅಕ್ಕ ಎರಡೂ ಅಂಕಪಟ್ಟಿ ಮುಂದಿಟ್ಟು, ಎಲ್ಲಿ ತಪ್ಪಿತು, ಏನು ಬದಲಿಸುತ್ತೇನೆ ಎಂದು ತೋರಿಸಿದಳು. ದೊಡ್ಡಪ್ಪ ಇನ್ನೊಂದು ವರ್ಷ ಒಪ್ಪಿದರು. ತೋರಿಸಲು ಏನೂ ಇಲ್ಲದಿದ್ದರೆ, ರೀತಿ ಬದಲಿಸಿದರೂ ಅಂಕ ಅಲ್ಲೇ ನಿಂತಿದ್ದರೆ, ಬೇರೆ ದಾರಿ ಹಿಡಿಯುವುದೂ ಸರಿಯಾದ ತೀರ್ಮಾನವೇ. ಅದನ್ನೂ ಅಂಕಪಟ್ಟಿ ಓದಿಯೇ ತೆಗೆದುಕೊಳ್ಳಬೇಕು.

2025ರಿಂದ ಸಿ.ಎ. ಫೈನಲ್ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಒಂದರ ಹಿಂದೆ ಒಂದು ಬರುವಾಗ ಹಿಂದಿನದನ್ನು ನೋಡದೆ ಮುಂದಿನ ಫಾರ್ಮ್ ತುಂಬುವ ಅವಸರ ಯಾರಿಗಾದರೂ ಇರುತ್ತದೆ. ಗೆಳೆಯರೇ, ಉತ್ತರ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಲು ಗಡುವು ಇರುತ್ತದೆ. ಅಳು ಬಂದರೆ ಅತ್ತುಬಿಡಿ. ಆದರೆ ಆ ಗಡುವು ಮುಗಿಯುವುದರೊಳಗೆ ಅರ್ಜಿ ಹಾಕಿಬಿಡಿ.