ಟಿಪ್ಪಣಿಯ ಜತೆಯಲ್ಲೇ ಆಕರವೂ ಇರಲಿ: ಶಾಲಾ ವರದಿಗೆ ತಂತ್ರಾಂಶದ ನೆರವು

ಪ್ರೌಢಶಾಲೆಯ ‘ಪ್ರಾಜೆಕ್ಟ್’ ಎಂದರೆ ಅಂತರ್ಜಾಲದಲ್ಲಿ ಹುಡುಕಿ, ನಕಲಿಸಿ, ಮುದ್ರಿಸಿ ಒಪ್ಪಿಸುವ ಕೆಲಸ ಎಂಬ ಭಾವನೆ ಅನೇಕ ವಿದ್ಯಾರ್ಥಿಗಳಲ್ಲಿದೆ. ಮಾಹಿತಿಗೆ ಕೊರತೆಯಿಲ್ಲ. ಆದರೆ ವರದಿಯಲ್ಲಿರುವ ಒಂದು ಇಸವಿ ಎಲ್ಲಿಂದ ಬಂತು, ಒಂದು ವಾಕ್ಯ ಯಾರದು ಎಂದು ಶಿಕ್ಷಕರು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಬರೆಯುವ ಹೊತ್ತಿಗೆ ಟಿಪ್ಪಣಿಯೂ ಅದರ ಮೂಲವೂ ಬೇರೆಬೇರೆಯಾಗಿರುವುದೇ ಇದಕ್ಕೆ ಕಾರಣ.

ಇವೆರಡನ್ನೂ ಒಟ್ಟಿಗೆ ಇಡಲೆಂದೇ ರೂಪುಗೊಂಡ ತಂತ್ರಾಂಶಗಳಲ್ಲಿ ‘ಜೊಟೆರೊ’ ಪ್ರಮುಖವಾದುದು. ಅಮೆರಿಕದ ವರ್ಜೀನಿಯಾದಲ್ಲಿರುವ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರವು 2006ರಲ್ಲಿ ಇದನ್ನು ಫೈರ್‌ಫಾಕ್ಸ್ ಬ್ರೌಸರಿನ ಅಂಗವಾಗಿ ಬಿಡುಗಡೆ ಮಾಡಿತು. ಈಗ ಇದು ಸ್ವತಂತ್ರ ತಂತ್ರಾಂಶ. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಗಣಕಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಟಿಪ್ಪಣಿಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಬರೆದು ಹುಡುಕಬಹುದು.

ಕೆಲಸದ ಬಗೆ

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಶಿವನಸಮುದ್ರದ ಜಲವಿದ್ಯುತ್ ಕುರಿತು ವರದಿ ಬರೆಯಬೇಕಾಗಿದೆ ಎಂದುಕೊಳ್ಳೋಣ. ಮೊದಲು ಆ ಹೆಸರಿನಲ್ಲಿ ಒಂದು ಸಂಗ್ರಹವನ್ನು ತೆರೆಯಬೇಕು. ಓದಿದ ಪ್ರತಿಯೊಂದು ಪುಸ್ತಕ, ಲೇಖನ ಅಥವಾ ಅಂತರ್ಜಾಲ ಪುಟವೂ ಅದರೊಳಗೆ ಒಂದೊಂದು ನಮೂದಾಗುತ್ತದೆ. ಆಯಾ ನಮೂದಿನ ಕೆಳಗೇ ಟಿಪ್ಪಣಿ ಬರೆಯಬಹುದು: ‘1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್, ದೂರ ಸುಮಾರು 147 ಕಿ.ಮೀ.’, ‘1905ರಲ್ಲಿ ಬೆಂಗಳೂರಿಗೆ ದೀಪ’. ಪುಸ್ತಕವಾದರೆ ಪುಟಸಂಖ್ಯೆಯನ್ನೂ ಅಲ್ಲೇ ಗುರುತಿಸಿಕೊಳ್ಳಬೇಕು. ‘ಇಸವಿ’, ‘ಗಣಿ’, ‘ಬೆಂಗಳೂರು’ ಎಂಬಂತಹ ಗುರುತುಪದಗಳನ್ನು ಅಂಟಿಸಿದರೆ, ಅವುಗಳಲ್ಲಿ ಒಂದನ್ನು ಆರಿಸಿದೊಡನೆ ಸಂಬಂಧಪಟ್ಟ ನಮೂದುಗಳೂ ಟಿಪ್ಪಣಿಗಳೂ ಒಂದೆಡೆ ಬರುತ್ತವೆ.

ಇದರ ನಿಜವಾದ ಪ್ರಯೋಜನ ಕಾಣುವುದು ಆಕರಗಳು ಪರಸ್ಪರ ಹೊಂದದಿರುವಾಗ. ಶಿವನಸಮುದ್ರದ್ದು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂಬ ಮಾತು ಅನೇಕ ಕಡೆ ಕಾಣಸಿಗುತ್ತದೆ. ಆದರೆ ಡಾರ್ಜಿಲಿಂಗಿನ ಸಿದ್ರಾಪಾಂಗ್ ಕೇಂದ್ರ 1897ರಲ್ಲಿಯೂ, ಜಪಾನಿನ ಕ್ಯೋಟೊ ನಗರದ ಕೆಆಗೆ ಕೇಂದ್ರ 1891ರಲ್ಲಿಯೂ ಆರಂಭವಾಗಿದ್ದವು. ‘ಇಸವಿ’ ಎಂಬ ಗುರುತಿನಡಿ ಮೂರೂ ಟಿಪ್ಪಣಿಗಳು ಎದುರುಬದುರಾದಾಗ ‘ಮೊದಲ’ ಎಂಬ ಪದ ನಿಲ್ಲುವುದಿಲ್ಲವೆಂದು ವಿದ್ಯಾರ್ಥಿನಿಗೆ ತಾನಾಗಿಯೇ ಹೊಳೆಯುತ್ತದೆ. ಅಷ್ಟು ದೂರದ ಗಣಿಗಳಿಗೆ ಆ ಕಾಲದಲ್ಲಿ ವಿದ್ಯುತ್ ಸಾಗಿಸಿದ್ದೇ ಶಿವನಸಮುದ್ರದ ಹಿರಿಮೆ ಎಂಬುದನ್ನೂ ಆಕೆ ಕಂಡುಕೊಳ್ಳಬಹುದು. ನಕಲು ಮಾಡಿದ ವರದಿಯಲ್ಲಿ ಇದಕ್ಕೆ ಅವಕಾಶವೇ ಇರುವುದಿಲ್ಲ.

ಯಾರ ಮಾತು?

ಟಿಪ್ಪಣಿ ಮಾಡುವಾಗಲೇ ಪಾಲಿಸಬೇಕಾದ ನಿಯಮವೊಂದಿದೆ. ಆಕರದಿಂದ ಯಥಾವತ್ತಾಗಿ ತೆಗೆದುಕೊಂಡ ಸಾಲುಗಳು ಉದ್ಧರಣ ಚಿಹ್ನೆಯೊಳಗಿರಬೇಕು. ಸ್ವಂತ ಮಾತಿನ ಸಾರಾಂಶ ಅದರಿಂದ ಪ್ರತ್ಯೇಕವಾಗಿರಬೇಕು. ಹತ್ತು ದಿನಗಳ ನಂತರ ಎರಡನ್ನೂ ಬೇರ್ಪಡಿಸುವುದು ಅಸಾಧ್ಯವಾಗುತ್ತದೆ. ಉದ್ದೇಶಪೂರ್ವಕವಲ್ಲದ ಕೃತಿಚೌರ್ಯ ನಡೆಯುವುದು ಹೆಚ್ಚಾಗಿ ಹೀಗೆಯೇ. 2022ರಲ್ಲಿ ಬಂದ ಜೊಟೆರೊದ ಆರನೆಯ ಆವೃತ್ತಿಯಿಂದೀಚೆಗೆ ಪಿಡಿಎಫ್ ಕಡತಗಳನ್ನು ತಂತ್ರಾಂಶದೊಳಗೇ ಓದಿ, ಬಣ್ಣ ಹಚ್ಚಿದ ಸಾಲುಗಳನ್ನು ಪುಟಸಂಖ್ಯೆಯ ಸಹಿತ ಟಿಪ್ಪಣಿಗೆ ತರುವ ಸೌಲಭ್ಯವೂ ಇದೆ.

ಮಿತಿಗಳೂ ಇಲ್ಲದಿಲ್ಲ. ಅಂತರ್ಜಾಲ ಪುಟವನ್ನು ಸೇರಿಸಿದಾಗ ಲೇಖಕರ ಹೆಸರು, ದಿನಾಂಕ ತಪ್ಪಾಗಿ ದಾಖಲಾಗಬಹುದು. ಆದ್ದರಿಂದ ಪ್ರತಿ ನಮೂದನ್ನೂ ಕಣ್ಣಾರೆ ಪರಿಶೀಲಿಸಬೇಕು. ಐಎಸ್‌ಬಿಎನ್ ಸಂಖ್ಯೆಯಿಲ್ಲದ ಹಳೆಯ ಕನ್ನಡ ಪುಸ್ತಕಗಳ ವಿವರವನ್ನು ಕೈಯಾರೆ ತುಂಬಬೇಕಾಗುತ್ತದೆ. ಕಡತಗಳನ್ನು ಅಂತರ್ಜಾಲದಲ್ಲಿ ಇಡಲು ಉಚಿತವಾಗಿ ದೊರೆಯುವ ಸ್ಥಳ 300 ಎಂಬಿ ಮಾತ್ರ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಆಕರ ನಂಬಲರ್ಹ ಎಂಬುದನ್ನು ತಂತ್ರಾಂಶ ನಿರ್ಧರಿಸುವುದಿಲ್ಲ.

ಮನೆಯಲ್ಲಿ ಗಣಕವಿಲ್ಲದ ಮಕ್ಕಳು ಇದೇ ಕ್ರಮವನ್ನು ರಟ್ಟಿನ ಚೀಟಿಗಳಲ್ಲಿ ಅನುಸರಿಸಬಹುದು: ಒಂದು ಚೀಟಿಗೆ ಒಂದು ವಿಷಯ, ಮೇಲ್ಭಾಗದಲ್ಲಿ ಗುರುತುಪದ, ಕೆಳಗೆ ಆಕರ ಮತ್ತು ಪುಟ. ಶಿಕ್ಷಕರು ವರದಿಯ ಜತೆಗೆ ಈ ಟಿಪ್ಪಣಿಗಳನ್ನೂ ನೋಡಿ ಅಂಕ ನೀಡುವಂತಾದರೆ, ಅಂದವಾದ ಹೊದಿಕೆಗಿಂತ ಓದಿದ ಶ್ರಮಕ್ಕೆ ಬೆಲೆ ಬರುತ್ತದೆ.