ಕಾಲು ತನ್ನದು, ಸೈಕಲ್ಲು ಇನ್ನೊಬ್ಬರದು

2020ರ ಜುಲೈ 31ರಂದು, ಬಕ್ರೀದಿನ ಮುನ್ನಾದಿನ, ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಶಾಲಾ ಬಾಲಕನೊಬ್ಬನಿಗೆ ರೇಸಿಂಗ್ ಸೈಕಲ್ಲೊಂದನ್ನು ಕಾಣಿಕೆಯಾಗಿ ನೀಡಿದರು. ದೆಹಲಿಯ ಆನಂದ ವಿಹಾರದ ಸರಕಾರಿ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ಆ ಹುಡುಗನ ಮೂಲ ಊರು ಬಿಹಾರದ ಮಧುಬನಿ. ತಂದೆಯದು ಅಡುಗೆಯ ಕೆಲಸ, ಅಲ್ಪ ವರಮಾನ. ಮಗನು ಗಾಜಿಯಾಬಾದಿನ ಬಾಡಿಗೆ ಕೋಣೆಯಲ್ಲಿದ್ದು, ಬಿಡುವಿನ ವೇಳೆಯಲ್ಲಿ ಅಲ್ಲಿನ ಖಾನಾವಳಿಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದನು. ಓದು, ದುಡಿಮೆ ಎರಡೂ ಮುಗಿದ ಮೇಲೆ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ತಾಲೀಮು. ಆ ವೇಳೆಗಾಗಲೇ ಅವನು 2017ರ ದೆಹಲಿ ರಾಜ್ಯ ಸೈಕ್ಲಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚಿನ ಪದಕ ಪಡೆದಿದ್ದನು. ಗುವಾಹಟಿಯಲ್ಲಿ ನಡೆದ ಶಾಲಾ ಕ್ರೀಡಾಕೂಟದಲ್ಲಿ ರಾಷ್ಟ್ರಮಟ್ಟದ ನಾಲ್ಕನೆಯ ಸ್ಥಾನ ಗಳಿಸಿದ್ದನು. ತಾಲೀಮಿಗೆ ಅವನಿಗೆ ಒದಗುತ್ತಿದ್ದುದು ಎರವಲು ಸೈಕಲ್ಲು.

ಸುದ್ದಿಯಾದದ್ದು ರಾಷ್ಟ್ರಪತಿಗಳ ಕಾಣಿಕೆ. ಕಾಣಿಕೆಗೆ ಮೊದಲಿನ ವರ್ಷಗಳನ್ನು ಕುರಿತು ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಎರವಲು ಸೈಕಲ್ಲಿನ ಮೇಲೆ ಸ್ಪರ್ಧೆಗೆ ಸಿದ್ಧನಾಗುವುದೆಂದರೆ ಏನು? ಬಡತನದ ಮಾತು ಬಂದಾಗ ಸಾಮಾನ್ಯವಾಗಿ ಬೆಲೆಯ ಲೆಕ್ಕವೇ ಮುಂದಾಗುತ್ತದೆ. ಈ ಕ್ರೀಡೆಯಲ್ಲಿ ಮಾತ್ರ ಬೆಲೆಗಿಂತ ಸೂಕ್ಷ್ಮವಾದ ಕೊರತೆಯೊಂದಿದೆ.

ಮನೆಯ ಸಾಧಾರಣ ಸೈಕಲ್ಲು ಸುಮಾರು 20 ಕಿಲೋ ತೂಗುತ್ತದೆ. ರಸ್ತೆ ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಬಾರದೆಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ನಿಯಮ ಮಾಡಬೇಕಾಗಿ ಬಂದಿದೆಯೆಂದರೆ ಎರಡರ ನಡುವಣ ಅಂತರವನ್ನು ಊಹಿಸಬಹುದು. ಆದರೆ ಸಮತಟ್ಟಾದ ದಾರಿಯಲ್ಲಿ ತೂಕಕ್ಕಿಂತ ದೊಡ್ಡ ಶತ್ರು ಗಾಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಆದ್ದರಿಂದಲೇ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಬೆನ್ನನ್ನು ನೆಲಕ್ಕೆ ಸಮವಾಗಿ ಹಾಸಿದಂತಹ ಭಂಗಿ. ಆ ಭಂಗಿಯಲ್ಲಿ ಎರಡು ಮೂರು ತಾಸು ಉಳಿಯಬೇಕಾದರೆ ಸೈಕಲ್ಲು ಮೈಗೆ ಹೊಂದಿರಬೇಕು.

ಹೊಂದಿಕೆಯ ಅಳತೆ ಮಿಲಿಮೀಟರುಗಳಲ್ಲಿ. ಪೆಡಲು ತೀರ ಕೆಳಗಿರುವಾಗ ಮೊಣಕಾಲು ಪೂರ್ತಿ ನೆಟ್ಟಗಾಗದೆ ಸ್ವಲ್ಪ ಬಾಗಿರಬೇಕು. ಸೀಟು ತಗ್ಗಾದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಎತ್ತರವಾದರೆ ಸೊಂಟ ಎಡಬಲಕ್ಕೆ ತುಯ್ಯುತ್ತದೆ, ಮೊಣಕಾಲಿನ ಹಿಂಭಾಗ ಎಳೆಯುತ್ತದೆ. ಸೀಟನ್ನು ಏರಿಸಿ ಇಳಿಸಬಹುದು, ನಿಜ. ಚೌಕಟ್ಟಿನ ಉದ್ದವನ್ನು ಬದಲಿಸಲಾಗದು. ಎತ್ತರದ ಮಾಲೀಕನ ಸೈಕಲ್ಲನ್ನು ಏರಿದ ಕುಳ್ಳ ಸವಾರನು ಹ್ಯಾಂಡಲ್ಲಿಗಾಗಿ ಕೈಚಾಚಿ ಚಾಚಿ ಕುತ್ತಿಗೆ, ಹೆಗಲು ಹಿಡಿದುಕೊಂಡೇ ಮನೆಗೆ ಮರಳುತ್ತಾನೆ. ದೊಡ್ಡ ಸೈಕಲ್ಲಿನ ಕಂಬಿಯೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತ ತಲೆಮಾರಿಗೆ ಇದು ಅತಿಯಾದ ನಾಜೂಕು ಎನಿಸಬಹುದು. ಒಳಪೆಡಲಿನವರು ಹೋಗುತ್ತಿದ್ದುದು ಗಿರಣಿಯವರೆಗೆ, ನೂರು ಕಿಲೋಮೀಟರಲ್ಲ.

ಕಾಲಿನ ಬಲಕ್ಕೂ ಎದೆಯ ದಮ್ಮಿಗೂ ಸೈಕಲ್ಲು ಯಾರದೆಂಬುದು ತಿಳಿಯದು. ಓಟ, ಮೆಟ್ಟಿಲೇರುವಿಕೆ, ಹಾಲಿನ ಕ್ಯಾನು ಹೊತ್ತ ಹಳೆಯ ಸೈಕಲ್ಲು—ಯಾವುದರಿಂದಲಾದರೂ ಅವನ್ನು ಸಂಪಾದಿಸಬಹುದು. ಸಂಪಾದಿಸಲಾಗದ್ದು ನಂಬಿಕೆ. ರಸ್ತೆ ಸ್ಪರ್ಧೆಯಲ್ಲಿ ಮುಂದಿನವನ ಹಿಂಗಾಲಿಗೆ ಗೇಣಂತರದಲ್ಲಿ ತನ್ನ ಮುಂಗಾಲಿಯನ್ನು ಇರಿಸಿಕೊಂಡು ಸಾಗುವವನಿಗೆ ಗಾಳಿಯ ಹೊರೆ ಎಷ್ಟೋ ಕಡಿಮೆ. ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿಯುತ್ತದೆ. ಆ ಗೇಣಿನ ಅಂತರದಲ್ಲಿ ಉಳಿಯಲು, ಬ್ರೇಕು ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ, ಗೇರು ಯಾವ ಕ್ಷಣದಲ್ಲಿ ತಡವರಿಸುತ್ತದೆ ಎಂಬುದು ಬೆರಳಿಗೆ ಗೊತ್ತಿರಬೇಕು. ವಾರಕ್ಕೆರಡು ದಿನ ಮಾತ್ರ ಕೈಗೆ ಬರುವ ಸೈಕಲ್ಲಿನಲ್ಲಿ ಅದು ಗೊತ್ತಾಗುವುದು ನಿಧಾನ. ಅನುಮಾನವುಳ್ಳವನು ಒಂದು ಮಾರು ಹಿಂದೆ ಸರಿಯುತ್ತಾನೆ. ಸರಿದವನನ್ನು ಗಾಳಿ ಹಿಡಿಯುತ್ತದೆ. ಗುಂಪು ಕೈಬಿಟ್ಟು ಹೋಗುತ್ತದೆ. ನೋಡುವವರು ಹುಡುಗನಿಗೆ ದಮ್ಮಿಲ್ಲ ಎನ್ನುತ್ತಾರೆ.

ಇನ್ನೊಂದು ಭಯವೂ ಇದೆ. ತಿರುವಿನಲ್ಲಿ ಸೈಕಲ್ಲನ್ನು ಓರೆಯಾಗಿಸಿ ನುಗ್ಗುವ ಹೊತ್ತಿನಲ್ಲಿ ಎರವಲು ತಂದವನ ಮನಸ್ಸಿಗೆ ಬರುವುದು ಮೊಣಕೈ ತರಚುವುದಲ್ಲ, ಚೌಕಟ್ಟು ಬಿರುಕು ಬಿಟ್ಟರೆ ಮಾಲೀಕನಿಗೆ ಏನು ಹೇಳುವುದೆಂಬುದು. ಕಾರ್ಬನ್ ಚೌಕಟ್ಟಿನ ಬಿರುಕನ್ನು ಊರಿನ ಸೈಕಲ್ ಅಂಗಡಿಯವನು ಬೆಸೆದು ಕೊಡಲಾರನು. ಹೀಗೆ ಸ್ಪರ್ಧೆಯನ್ನು ಗೆಲ್ಲಬೇಕಾದವನು ಸೈಕಲ್ಲನ್ನು ಕಾಯುವವನಾಗುತ್ತಾನೆ.

ಹಾಗಾದರೆ ಎರವಲು ಸೈಕಲ್ಲಿನಲ್ಲಿ ಗೆದ್ದವರೇ ಇಲ್ಲವೆ? ಇದ್ದಾರೆ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಥೆನ್ಸ್‌ನಿಂದ ಮ್ಯಾರಥಾನ್ ಊರಿಗೆ ಹೋಗಿ ಮರಳುವ 87 ಕಿಲೋಮೀಟರಿನ ಸ್ಪರ್ಧೆ ನಡೆಯಿತು. ಮರಳುವಾಗ ಗ್ರೀಸ್‌ನ ಅರಿಸ್ತಿದಿಸ್ ಕಾನ್‌ಸ್ಟಾಂಟಿನಿದಿಸ್‌ನ ಸೈಕಲ್ಲು ಕೆಟ್ಟುಹೋಯಿತು. ಅವನು ಬೇರೊಬ್ಬರ ಸೈಕಲ್ಲನ್ನು ಏರಿ ಹೊರಟು, ದಾರಿಯಲ್ಲಿ ಬಿದ್ದೆದ್ದು, ಕೊನೆಗೆ 3 ಗಂಟೆ 22 ನಿಮಿಷಗಳಲ್ಲಿ ಮೊದಲಿಗನಾಗಿ ಬಂದನು. ಅಂದಿನ ಸೈಕಲ್ಲುಗಳಿಗೆ ಗೇರಿನ ಗೊಡವೆಯಿರಲಿಲ್ಲ, ಪೆಡಲೆಂದರೆ ಬರಿಯ ಪೆಡಲು. ಯಾರದನ್ನು ಯಾರು ಬೇಕಾದರೂ ತುಳಿಯಬಹುದಿತ್ತು. 120 ವರ್ಷಗಳ ಅನಂತರ, 2016ರ ಟೂರ್ ಡಿ ಫ್ರಾನ್ಸ್‌ನಲ್ಲಿ, ಮೌಂಟ್ ವಾಂಟೂ ಪರ್ವತದ ಏರಿನಲ್ಲಿ ಮೋಟಾರು ಸೈಕಲ್ಲಿಗೆ ಡಿಕ್ಕಿಯಾಗಿ ಕ್ರಿಸ್ ಫ್ರೂಮ್‌ನ ಸೈಕಲ್ಲು ಮುರಿಯಿತು. ಅವನು ಕಾಲ್ನಡಿಗೆಯಲ್ಲೇ ಏರು ಓಡಿದನು. ನೆರವಿನ ವಾಹನದವರು ಕೊಟ್ಟ ಹಳದಿ ಸೈಕಲ್ಲಿನ ಪೆಡಲು ಅವನ ಬೂಟಿಗೆ ಹೊಂದಲಿಲ್ಲ; ಜಗತ್ತಿನ ಶ್ರೇಷ್ಠ ಸವಾರನು ಅದರ ಮೇಲೆ ಹೊಸದಾಗಿ ಕಲಿಯುವವನಂತೆ ತಡಬಡಾಯಿಸಿ, ತನ್ನ ತಂಡದ ಸೈಕಲ್ಲು ಬಂದ ಮೇಲೆಯೇ ಮುಂದೆ ಸಾಗಿದನು.

ಈ ಮಾತು ಗಡಿಭಾಗದ ಕನ್ನಡಿಗರಿಗೆ ದೂರದ್ದಲ್ಲ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ನೆರೆಯಲ್ಲೇ ಇರುವ ವಿಜಯಪುರ, ಅದರಾಚೆಯ ಬಾಗಲಕೋಟೆಗಳು ಸೈಕಲ್ ಪಟುಗಳ ತವರೆಂದು ಹೆಸರಾದವು. ಒಕ್ಕಲು ಮನೆಗಳ ಮಕ್ಕಳು ಅಲ್ಲಿಂದ ರಾಷ್ಟ್ರೀಯ ಸ್ಪರ್ಧೆಗಳವರೆಗೆ ಹೋಗಿದ್ದಾರೆ. ಭೀಮೆಯ ಈಚೆಯ ಬಯಲೂ ಅದೇ ಬಯಲು, ಮುಂಗಾರಿನ ಪಡುವಣ ಗಾಳಿಯೂ ಅದೇ. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಗಳು ರಸ್ತೆಗಿಳಿಯುವ ಮೊದಲೇ, ಮಬ್ಬುಗತ್ತಲಲ್ಲಿ ಎದ್ದು ತುಳಿಯಬಲ್ಲ ಮಕ್ಕಳಿಗೆ ಇಲ್ಲಿಯೂ ಕೊರತೆಯಿಲ್ಲ. ಹಳೆಯ ರೇಸಿಂಗ್ ಸೈಕಲ್ಲನ್ನು ಗೋಡೆಗೆ ತೂಗುಹಾಕಿ ಮರೆತ ಮನೆಗಳೂ ಪಟ್ಟಣಗಳಲ್ಲಿ ಇರಬಹುದು.

ಕೊಡುವವರು ಸ್ಪರ್ಧೆಯ ಹಿಂದಿನ ದಿನ ಕೊಟ್ಟರೆ ಅದು ಉಪಕಾರವೆನ್ನುವುದು ಕಷ್ಟ. ಎರಡು ಮೂರು ತಿಂಗಳು ಮೊದಲೇ ಕೊಡಬೇಕು. ಹುಡುಗನ ಮನೆಯಲ್ಲೇ ಬಿಡಬೇಕು. ಬಿದ್ದರೆ ದುರಸ್ತಿ ಯಾರದೆಂಬುದನ್ನು ಬಾಯಿಬಿಟ್ಟು ಹೇಳಿರಬೇಕು. ಬೂಟಿನ ಅಳತೆ ಒಂದೇ ಆಗಿದ್ದರೆ ಬೂಟನ್ನೂ ಜತೆಗೇ ಕೊಡಬೇಕು. ಇಲ್ಲವಾದರೆ ಸಾದಾ ಪೆಡಲು ಹಾಕಿಸಿಕೊಡಬೇಕು. ಪಡೆದವನು ಮೊದಲ ದಿನವೇ ಬ್ರೇಕಿನ ರಬ್ಬರು, ಚೈನು, ಟೈರುಗಳನ್ನು ನೋಡಿಕೊಳ್ಳಲಿ. ಸೀಟಿನ ಕಂಬಕ್ಕೆ, ಮಾಲೀಕನ ಎತ್ತರ ಎಲ್ಲಿತ್ತೋ ಅಲ್ಲಿ ಟೇಪಿನ ಗುರುತು ಹಾಕಿಟ್ಟು, ಅನಂತರವೇ ತನ್ನ ಎತ್ತರಕ್ಕೆ ಸರಿಪಡಿಸಿಕೊಳ್ಳಲಿ. ಹಿಂದಿರುಗಿಸುವ ದಿನ ಸೀಟು ಮತ್ತೆ ಆ ಗುರುತಿಗೇ ಬಂದು ನಿಲ್ಲಬೇಕು.