ಗಡ್ಡೆಯೊಳಗಿನ ಗುಂಪು: ಕರುಳಿನ ಕ್ಯಾನ್ಸರ್‌ನಲ್ಲಿ ಹಳೇ ವೈರಸ್‌ನ ನೆನಪಿಗೇನು ಕೆಲಸ?

2018ರ ಮೇ ತಿಂಗಳು. ಕೇರಳದ ಕೋಯಿಕ್ಕೋಡ್‌ನಿಂದ ಬಂದ ಮಾದರಿಯಲ್ಲಿ ನಿಪಾ ವೈರಸ್ ಇದೆ ಅಂತ ಪತ್ತೆಹಚ್ಚಿದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಆ ಸುದ್ದಿ ಉಡುಪಿಯವರಿಗೆಲ್ಲ ನೆನಪಿದೆ. ಅದೇ ತಿಂಗಳು ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ವೈರಸ್‌ಗೆ ಸಂಬಂಧಿಸಿದ ಇನ್ನೊಂದು ವಿಷಯ ಪ್ರಕಟವಾಯಿತು. ಅದು ಮಾತ್ರ ನಮ್ಮೂರಿನ ಹೋಟೆಲ್ ಟೇಬಲ್ಲಿನ ತನಕ ಬರಲೇ ಇಲ್ಲ.

ಸಿಂಗಾಪುರದ ತಂಡವೊಂದು ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳೊಳಗಿನ ಟಿ ಕೋಶಗಳನ್ನು ಪರೀಕ್ಷಿಸಿತ್ತು. ಟಿ ಕೋಶ ಅಂದರೆ ನಮ್ಮ ರೋಗನಿರೋಧಕ ಪಡೆಯ ಸಿಪಾಯಿ. ಗಡ್ಡೆಯೊಳಗೆ ನುಗ್ಗಿದೆ ಅಂದಮೇಲೆ ಕ್ಯಾನ್ಸರ್ ವಿರುದ್ಧ ಹೋರಾಡೋಕೇ ಬಂದಿರಬೇಕು, ಅಲ್ವಾ? ಹಾಗೇನಿಲ್ಲ. ಕೆಲವು ಸಿಪಾಯಿಗಳು ಗುರುತಿಸುತ್ತಿದ್ದದ್ದು ಕ್ಯಾನ್ಸರನ್ನಲ್ಲ. ಫ್ಲೂ, ಎಪ್‌ಸ್ಟೈನ್-ಬಾರ್, ಸೈಟೊಮೆಗಾಲೊ ಎಂಬ ವೈರಸ್‌ಗಳನ್ನು. ಎಂದೋ ತಗುಲಿದ ಸೋಂಕಿನ ನೆನಪು ಹೊತ್ತ ಕೋಶಗಳು ಅವು.

ಅಜ್ಜರಕಾಡಿನಲ್ಲಿ ಪ್ರತಿಭಟನೆ ನಡೀತಿದೆ ಅಂದ್ಕೊಳ್ಳಿ. ದೂರದಿಂದ ನೋಡಿದರೆ ಭಾರೀ ಜನ. ಆದರೆ ಪಕ್ಕದಲ್ಲೇ ಜಿಲ್ಲಾಸ್ಪತ್ರೆ ಇದೆ. ನಿಂತವರಲ್ಲಿ ಕೆಲವರು ಔಷಧಿಗೆ ಬಂದವರು, ಕೆಲವರು ರಿಕ್ಷಾಕ್ಕೆ ಕಾಯುವವರು. ಫೋಟೊದಲ್ಲಿ ಎಲ್ಲರೂ ಹೋರಾಟಗಾರರೇ! ಗಡ್ಡೆಯಲ್ಲೂ ಹೀಗೇ. ಕರುಳಿನ ಗಡ್ಡೆಯೊಳಗೆ ಟಿ ಕೋಶ ಹೆಚ್ಚಿದ್ದರೆ ರೋಗಿಯ ಭವಿಷ್ಯ ಉತ್ತಮ ಅಂತ 2006ರಲ್ಲೇ ಫ್ರಾನ್ಸಿನ ಸಂಶೋಧಕರು ತೋರಿಸಿದ್ದರು. ಅದು ಸುಳ್ಳಲ್ಲ. ಆದರೆ ತಲೆ ಎಣಿಸಿದರೆ ಸಾಲದು, ಯಾರು ಯಾಕೆ ಬಂದಿದ್ದಾರೆ ಅಂತಲೂ ಕೇಳಬೇಕು.

ಕೇಳೋದು ಹೇಗೆ?

ನಾನು ಪಿಯುಸಿ ಮುಗಿದ ದಿನವೇ ಜೀವಶಾಸ್ತ್ರಕ್ಕೆ ಕೈಮುಗಿದು ಇಂಜಿನಿಯರಿಂಗ್‌ಗೆ ಹೋದವನು. ಹಾಗಾಗಿ ನನಗೆ ಇದು ಪಾಸ್‌ವರ್ಡ್ ಥರ ಕಾಣುತ್ತೆ. ಪ್ರತಿ ಟಿ ಕೋಶದ ಮೈಮೇಲೆ ಒಂದು ಗ್ರಾಹಕ, ಅಂದರೆ ರಿಸೆಪ್ಟರ್ ಇರುತ್ತೆ. ಅದನ್ನು ತಯಾರಿಸುವ ಜೀನಿನ ತುಂಡುಗಳನ್ನು ಕೋಶ ಹುಟ್ಟುವಾಗಲೇ ಕತ್ತರಿಸಿ, ಬೇರೆ ಬೇರೆ ರೀತಿಯಲ್ಲಿ ಜೋಡಿಸಲಾಗುತ್ತೆ. ಪ್ರತಿಕಾಯಗಳಲ್ಲಿ ಈ ಕತ್ತರಿ-ಜೋಡಣೆಯನ್ನು ಕಂಡುಹಿಡಿದ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ಟಿ ಕೋಶದ ಗ್ರಾಹಕವೂ ಇದೇ ರೀತಿ ತಯಾರಾಗುತ್ತೆ. ಗಡ್ಡೆಯ ಆರ್‌ಎನ್‌ಎ ಓದಿದರೆ ಅದರೊಳಗೆ ಈ ಗ್ರಾಹಕ ಜೀನುಗಳ ಅನುಕ್ರಮವೂ ಸಿಗುತ್ತೆ. ಈ ವೈರಸ್ಸಿಗೆ ಈ ಗ್ರಾಹಕ ಅಂತ ಮೊದಲೇ ಗೊತ್ತಿರುವ ಪಟ್ಟಿಯೊಂದಿಗೆ ಹೋಲಿಸಿದರೆ, ಹಳೇ ಸೋಂಕಿನ ಹೆಜ್ಜೆಗುರುತು ಕಾಣುತ್ತೆ.

ಇಲ್ಲಿ ಒಂದು ಎಚ್ಚರಿಕೆ. ‘ಗಡ್ಡೆಯಲ್ಲಿ ವೈರಸ್ ನೆನಪಿನ ಕೋಶ ಸಿಕ್ಕಿತು’ ಅನ್ನೋದು ವಾಟ್ಸಾಪ್ ತಲುಪುವಷ್ಟರಲ್ಲಿ ‘ವೈರಸ್‌ನಿಂದಲೇ ಕ್ಯಾನ್ಸರ್’ ಅಂತಾಗಿರುತ್ತೆ. ತಪ್ಪು. ಎಚ್‌ಪಿವಿಯಿಂದ ಗರ್ಭಕಂಠದ ಕ್ಯಾನ್ಸರ್, ಹೆಪಟೈಟಿಸ್ ಬಿಯಿಂದ ಯಕೃತ್ತಿನ ಕ್ಯಾನ್ಸರ್ ಬರೋದು ಸಾಬೀತಾಗಿದೆ. ಅದಕ್ಕೇ ಅವುಗಳ ಲಸಿಕೆ ಮುಖ್ಯ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಅಂಥ ಸಾಬೀತಾದ ವೈರಸ್ ಇಲ್ಲ. ರಿಕ್ಷಾಕ್ಕೆ ಕಾಯುತ್ತಿದ್ದವರನ್ನು ಗಲಭೆಕೋರರು ಅಂತ ಕೇಸು ಹಾಕಬಾರದು, ಅಷ್ಟೇ.

ಆದರೆ ಅವರನ್ನು ಹೋರಾಟಕ್ಕೆ ಸೇರಿಸಿಕೊಳ್ಳಬಹುದಾ? 2019ರಲ್ಲಿ ಮಿನ್ನೆಸೋಟದ ತಂಡ ಇಲಿಗಳಲ್ಲಿ ಇದನ್ನೇ ಮಾಡಿತು. ಗಡ್ಡೆಯೊಳಗೆ ವೈರಸ್‌ನ ಪ್ರೋಟೀನ್ ತುಣುಕುಗಳನ್ನು ಚುಚ್ಚಿದಾಗ, ಸುಮ್ಮನಿದ್ದ ನೆನಪಿನ ಕೋಶಗಳು ಎದ್ದು, ಕ್ಯಾನ್ಸರ್ ವಿರುದ್ಧದ ಇಡೀ ಪಡೆಯನ್ನೇ ಚುರುಕುಗೊಳಿಸಿದವು. ಇಲಿಯಿಂದ ಮನುಷ್ಯನ ತನಕ ದಾರಿ ಉದ್ದವಿದೆ, ನಿಜ.

ಯಾರ ಡೇಟಾ?

ರಾಜಕೀಯ ಶುರುವಾಗೋದು ಇಲ್ಲಿ. ಇಂಥ ಅಧ್ಯಯನಗಳು ಹೆಚ್ಚಾಗಿ ನೆಚ್ಚಿಕೊಂಡಿರುವ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಅಮೆರಿಕದ ಯೋಜನೆ. ಅದರಲ್ಲಿ ಯುರೋಪ್ ಮೂಲದವರ ಮಾದರಿಗಳೇ ಹೆಚ್ಚು. ಸೈಟೊಮೆಗಾಲೊ ವೈರಸ್ ಅಮೆರಿಕದಲ್ಲಿ 40 ವರ್ಷ ದಾಟುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ತಗುಲಿರುತ್ತೆ. ಭಾರತದಲ್ಲಿ ಬಹುತೇಕ ಎಲ್ಲ ವಯಸ್ಕರಿಗೂ ತಗುಲಿರುತ್ತೆ. ಅಂದರೆ ಅಲ್ಲಿ ಈ ವೈರಸ್‌ನ ಗುರುತು ರೋಗಿಗಳನ್ನು ಎರಡು ಗುಂಪಾಗಿ ಬೇರ್ಪಡಿಸಬಹುದು. ಕಾಪುವಿನ ಮೀನುಗಾರ, ಕಾರ್ಕಳದ ಗೇರುಬೀಜ ಕಾರ್ಖಾನೆಯ ಮಹಿಳೆ ಇಬ್ಬರಲ್ಲೂ ಅದೇ ಗುರುತು ಇದ್ದರೆ, ಆ ಅಳತೆಗೋಲು ಇಲ್ಲಿ ಏನನ್ನೂ ಅಳೆಯೋದಿಲ್ಲ. ಜೊತೆಗೆ ನಮ್ಮಲ್ಲಿ ಡೆಂಗ್ಯೂ ಇದೆ, ಘಟ್ಟದ ಮೇಲೆ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದೆ. ಪರದೇಶದ ಪಟ್ಟಿಯಲ್ಲಿ ಇವುಗಳ ನೆನಪು ಎಷ್ಟು ಸಿಕ್ಕೀತು?

ವೈರಸ್ ಪ್ರಯೋಗಾಲಯ ಮತ್ತು ಕ್ಯಾನ್ಸರ್ ಆಸ್ಪತ್ರೆ ಎರಡೂ ಒಂದೇ ಊರಲ್ಲಿರೋದು ಮಣಿಪಾಲದ ಭಾಗ್ಯ. ರೋಗಿಯ ಒಪ್ಪಿಗೆ ಪಡೆದು, ಹೆಸರು ಗುಟ್ಟಾಗಿಟ್ಟು, ಸಾರ್ವಜನಿಕ ಹಣದಲ್ಲಿ ಕರಾವಳಿಯದೇ ಗಡ್ಡೆ-ಗ್ರಾಹಕ ಸಂಗ್ರಹ ಕಟ್ಟಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಕೇಳಬೇಕಾದವರು ನಾವು.

ಅದಾಗುವ ತನಕ ಒಂದು ಸಣ್ಣ ವಿಷಯ. ಸರಕಾರದ ಕ್ಯಾನ್ಸರ್ ತಪಾಸಣಾ ಪಟ್ಟಿಯಲ್ಲಿ ಬಾಯಿ, ಸ್ತನ, ಗರ್ಭಕಂಠ ಇವೆ, ಕರುಳು ಇಲ್ಲ. ಹಾಗಾಗಿ ಮಲದಲ್ಲಿ ರಕ್ತ ಕಂಡಾಗ ‘ಮೂಲವ್ಯಾಧಿ ಇರಬೇಕು, ಮಜ್ಜಿಗೆ ಕುಡಿ’ ಅಂತ ಮನೆಯಲ್ಲಿ ಹೇಳಿದರೆ ಒಪ್ಪಬೇಡಿ. ಅಪ್ಪನನ್ನೋ ಅಮ್ಮನನ್ನೋ ಬಸ್ ಹತ್ತಿಸಿ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ. ಮೂಲವ್ಯಾಧಿಯೇ ಆಗಿದ್ದರೆ ನಿಶ್ಚಿಂತೆಯಿಂದ ಮನೆಗೆ ಬಂದು ಮಜ್ಜಿಗೆ ಕುಡಿಯಿರಿ.